ಜಗತ್ತಿಗೆ ಅಂಗಿ ಹೊಲಿಯುವವರು

ನೀವು ಈಗ ಧರಿಸಿರುವ ಅಂಗಿ ಅಂಗಡಿಯಲ್ಲಿ ಕೊಂಡ ಸಿದ್ಧ ಉಡುಪಾಗಿದ್ದರೆ ಅದರ ಕಾಲರಿನ ಒಳಬದಿಯಲ್ಲೋ ಪಕ್ಕದ ಹೊಲಿಗೆಯಲ್ಲೋ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರಲ್ಲಿ ಅಳತೆ, ಒಗೆಯುವ ಕ್ರಮ, ಕೊನೆಗೆ ಅದು ತಯಾರಾದ ದೇಶದ ಹೆಸರು ಇರುತ್ತವೆ. ಗಲ್ಫ್‌ನಿಂದ ರಜೆಗೆ ಬಂದವರು ಮನೆಯವರಿಗೆಲ್ಲ ತರುವ ಉಡುಪುಗಳ ಪಟ್ಟಿಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಬಾಂಗ್ಲಾದೇಶ, ಚೀನಾ, ವಿಯೆಟ್ನಾಂ, ಟರ್ಕಿ, ಕಾಂಬೋಡಿಯಾ ಎಂಬ ಹೆಸರುಗಳು ಸಿಗುತ್ತವೆ. ನಡುವೆ ನಮ್ಮ ಭಾರತದ ಹೆಸರೂ ಕಾಣಬಹುದು. ಐವತ್ತು ವರ್ಷಗಳ ಹಿಂದೆ ಲಂಡನ್ ಅಥವಾ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಇದೇ ಕೆಲಸ ಮಾಡಿದ್ದರೆ ಹಾಂಗ್‌ಕಾಂಗ್, ದಕ್ಷಿಣ ಕೊರಿಯಾ, ತೈವಾನ್ ಎಂಬ ಹೆಸರುಗಳೇ ಮತ್ತೆ ಮತ್ತೆ ಬರುತ್ತಿದ್ದವು.

ಈ ಹೆಸರುಗಳು ಏಕೆ ಬದಲಾದವು? ಕೂಲಿ ಅಗ್ಗವಾದ ಕಡೆಗೆ ಕೆಲಸ ಹೋಯಿತು ಎಂದು ಥಟ್ಟನೆ ಉತ್ತರ ಕೊಡುವವರಿದ್ದಾರೆ. ಈ ಉತ್ತರ ಅರ್ಧ ಮಾತ್ರ ಸರಿ. ಕೂಲಿ ಅಗ್ಗವಾಗಿರುವ ದೇಶಗಳು ಹತ್ತಾರಿವೆ, ಅವೆಲ್ಲವೂ ಅಂಗಿ ರಫ್ತು ಮಾಡುತ್ತಿಲ್ಲ. ಉಳಿದರ್ಧ ಉತ್ತರವನ್ನು ಎರಡು ಕಡೆ ಹುಡುಕಬೇಕು. ಕೊಳ್ಳುವ ಶ್ರೀಮಂತ ದೇಶಗಳು ಮಾಡಿದ ಕಾನೂನುಗಳಲ್ಲಿ ಒಂದಿಷ್ಟು ಇದೆ. ಆ ಕಾನೂನುಗಳ ಸಂದಿಯಲ್ಲಿ ಬಾಗಿಲು ತೆರೆದಾಗ ಯಾರು ಏನು ಕಲಿತರು ಎಂಬುದರಲ್ಲಿ ಇನ್ನೊಂದಿಷ್ಟು ಇದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬಟ್ಟೆ ಬೇರೆ, ಉಡುಪು ಬೇರೆ. ಬಟ್ಟೆಯ ವ್ಯಾಪಾರ ಬಹು ಪುರಾತನವಾದದ್ದು. ಹಳೆಯ ಕೈರೋ ಆದ ಫುಸ್ತಾತ್‌ನಲ್ಲಿ ಗುಜರಾತಿನ ಅಚ್ಚಿನ ಹತ್ತಿ ಬಟ್ಟೆಯ ತುಂಡುಗಳು ದೊರೆತಿವೆ. ಅವುಗಳಲ್ಲಿ ಹಲವು ಆರೇಳು ನೂರು ವರ್ಷಗಳಷ್ಟು ಹಳೆಯವು. ಢಾಕಾದ ಮಸ್ಲಿನ್ ಮೊಘಲರ ದರ್ಬಾರಿನಿಂದ ಯುರೋಪಿನ ಅರಮನೆಗಳವರೆಗೆ ಹೆಸರಾಗಿತ್ತು. ಮಸ್ಲಿನ್‌ನ ವೈಭವವನ್ನೂ ಕಂಪೆನಿ ಆಳ್ವಿಕೆಯಲ್ಲಿ ಅದು ನಶಿಸಿದ್ದನ್ನೂ ಕುರಿತು ನಮ್ಮಲ್ಲಿ ಲೇಖನಗಳಿಗೆ ಕೊರತೆಯಿಲ್ಲ. ಅದನ್ನೇ ಇಲ್ಲಿ ಪುನಃ ಹೇಳುವ ಉದ್ದೇಶ ನನಗಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಆ ಕಾಲದಲ್ಲಿ ಹಡಗು ಹತ್ತುತ್ತಿದ್ದುದು ಹೆಚ್ಚಾಗಿ ಥಾನುಗಟ್ಟಲೆ ಬಟ್ಟೆ. ಅದನ್ನು ಕತ್ತರಿಸಿ ಹೊಲಿಯುವ ಕೆಲಸ ಕೊಂಡವನ ಊರಿನ ದರ್ಜಿಯದು ಅಥವಾ ಮನೆಯ ಹೆಂಗಸರದು. 19ನೇ ಶತಮಾನದ ನಡುವೆ ಹೊಲಿಗೆ ಯಂತ್ರ ಬಂದು, ಸೈನಿಕರ ಸಮವಸ್ತ್ರದ ನೆಪದಲ್ಲಿ ನಿಗದಿತ ಅಳತೆಗಳು ರೂಪುಗೊಂಡ ಮೇಲೆಯೇ ಕಾಣದ ಮನುಷ್ಯನಿಗೆ ಅಂಗಿ ಹೊಲಿದಿಡುವುದು ದೊಡ್ಡ ಉದ್ಯಮವಾಯಿತು. ಹೀಗೆ ಹೊಲಿದ ಉಡುಪು ಬಡ ದೇಶಗಳಿಂದ ಶ್ರೀಮಂತ ದೇಶಗಳಿಗೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿದ್ದು ಎರಡನೇ ಮಹಾಯುದ್ಧದ ನಂತರ.

ಹಾಂಗ್‌ಕಾಂಗ್‌ನ ಪಾಠ

1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ಶಾಂಘೈ ನಗರದ ಅನೇಕ ಗಿರಣಿ ಮಾಲೀಕರು ಬ್ರಿಟಿಷ್ ವಸಾಹತಾಗಿದ್ದ ಹಾಂಗ್‌ಕಾಂಗ್‌ಗೆ ಓಡಿಬಂದರು. ಅವರ ಜೊತೆಗೆ ಹಣ ಬಂತು, ಕೆಲವರ ಯಂತ್ರಗಳೂ ಬಂದವು, ಕೆಲಸ ಗೊತ್ತಿದ್ದ ಜನರೂ ಬಂದರು. ಕೊರಿಯಾ ಯುದ್ಧದ ಸಮಯದಲ್ಲಿ ವಿಶ್ವಸಂಸ್ಥೆ ಚೀನಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದ್ದರಿಂದ ಹಾಂಗ್‌ಕಾಂಗ್‌ನ ಹಳೆಯ ದಲ್ಲಾಳಿ ವ್ಯಾಪಾರ ಕುಸಿಯಿತು. ಬದುಕಬೇಕಾದರೆ ಏನಾದರೂ ತಯಾರಿಸಲೇಬೇಕಾಯಿತು. ಹೊಲಿಗೆ ಕಾರ್ಖಾನೆಗೆ ಹೆಚ್ಚು ಬಂಡವಾಳ ಬೇಡ, ಹಳೆಯ ಕಟ್ಟಡದ ಮಹಡಿಯೊಂದು ಸಾಕು. ಬ್ರಿಟಿಷ್ ವಸಾಹತಾದ್ದರಿಂದ ಅಲ್ಲಿನ ಸರಕಿಗೆ ಬ್ರಿಟನ್ನಿನಲ್ಲಿ ಸುಂಕದ ರಿಯಾಯಿತಿಯೂ ಇತ್ತು.

ಅತ್ತ ಜಪಾನ್ ಅಮೆರಿಕಕ್ಕೆ ಒಂದು ಡಾಲರಿನ ಹತ್ತಿ ಬ್ಲೌಸ್‌ಗಳನ್ನು ರಾಶಿ ರಾಶಿ ಕಳುಹಿಸುತ್ತಿತ್ತು. ಅಮೆರಿಕದ ಗಿರಣಿಗಳವರು ಕೂಗೆಬ್ಬಿಸಿದರು. 1957ರಲ್ಲಿ ಜಪಾನ್ ತಾನೇ ಸ್ವಇಚ್ಛೆಯಿಂದ ರಫ್ತನ್ನು ಮಿತಿಗೊಳಿಸುವುದಾಗಿ ಒಪ್ಪಿಕೊಂಡಿತು. ಸ್ವಇಚ್ಛೆ ಎಂಬುದು ಕಾಗದದ ಮೇಲಿನ ಮಾತು, ಬಿಡಿ! 1959ರಲ್ಲಿ ಹಾಂಗ್‌ಕಾಂಗ್ ಕೂಡ ಲ್ಯಾಂಕಾಶೈರ್‌ನ ಗಿರಣಿಗಳೊಂದಿಗೆ ಇಂಥದೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಒಂದು ಕಾಲದಲ್ಲಿ ಭಾರತದ ನೇಕಾರರನ್ನು ಮೂಲೆಗೆ ತಳ್ಳಿದ್ದ ಅದೇ ಲ್ಯಾಂಕಾಶೈರ್ ಈಗ ತನ್ನ ವಸಾಹತಿನಿಂದಲೇ ರಕ್ಷಣೆ ಬೇಡುವ ಸ್ಥಿತಿಗೆ ಬಂದಿತ್ತು.

ಕೋಟಾ ಎಂಬ ಬೇಲಿ

ಈ ಬಿಡಿ ಬಿಡಿ ಒಪ್ಪಂದಗಳು 1961 ಮತ್ತು 1962ರಲ್ಲಿ ಹತ್ತಿ ಬಟ್ಟೆಯ ಅಂತರರಾಷ್ಟ್ರೀಯ ಒಡಂಬಡಿಕೆಗಳಾದವು. ಹತ್ತಿಗೆ ಬೇಲಿ ಹಾಕಿದೊಡನೆ ರಫ್ತುದಾರರು ಪಾಲಿಯೆಸ್ಟರ್‌ನತ್ತ ಹೊರಳಿದರು. ಆಗ 1974ರ ಜನವರಿಯಿಂದ ಉಣ್ಣೆ ಮತ್ತು ಕೃತಕ ನೂಲನ್ನೂ ಸೇರಿಸಿ ಬಹುನೂಲು ಒಪ್ಪಂದ ಜಾರಿಗೆ ಬಂತು. ಇದರ ಪ್ರಕಾರ ಇಂಥ ದೇಶದಿಂದ ವರ್ಷಕ್ಕೆ ಇಷ್ಟು ಡಜನ್ ಗಂಡಸರ ಅಂಗಿ, ಇಷ್ಟು ಡಜನ್ ಪ್ಯಾಂಟು ಎಂದು ಅಮೆರಿಕ ಮತ್ತು ಯುರೋಪಿನ ದೇಶಗಳು ಲೆಕ್ಕ ಕಟ್ಟಿ ಕೋಟಾ ನಿಗದಿ ಮಾಡುತ್ತಿದ್ದವು. ಮುಕ್ತ ವ್ಯಾಪಾರದ ಬಗ್ಗೆ ಜಗತ್ತಿಗೆಲ್ಲ ಉಪದೇಶ ಮಾಡುತ್ತಿದ್ದ ದೇಶಗಳೇ ಇವು ಎಂಬುದನ್ನು ಓದುಗರು ಮರೆಯಬಾರದು. ಇದು ತಾತ್ಕಾಲಿಕ ಏರ್ಪಾಡು ಎಂದು ಹೇಳಲಾಗಿತ್ತು. 1961ರಿಂದ ಲೆಕ್ಕ ಹಾಕಿದರೆ ಈ ತಾತ್ಕಾಲಿಕ ಏರ್ಪಾಡು ನಲವತ್ತಮೂರು ವರ್ಷ ನಡೆಯಿತು.

ಬೇಲಿ ಹಾಕಿದ್ದು ಅಗ್ಗದ ಉಡುಪನ್ನು ತಡೆಯಲಿಕ್ಕೆ. ಆದರೆ ಅದು ಅಗ್ಗದ ಉಡುಪನ್ನು ಜಗತ್ತಿನ ಮೂಲೆ ಮೂಲೆಗೆ ಹರಡಿಬಿಟ್ಟಿತು! ಹಾಂಗ್‌ಕಾಂಗ್‌ನವನ ಕೋಟಾ ಮುಗಿದರೆ ಅವನು ಕೋಟಾ ಇಲ್ಲದ ಇನ್ನೊಂದು ದೇಶಕ್ಕೆ ಹೋಗಿ ಯಂತ್ರ ಹೂಡುತ್ತಿದ್ದ. ಮಾರಿಷಸ್‌ನಲ್ಲಿ ಉಡುಪಿನ ಕಾರ್ಖಾನೆಗಳು ಎದ್ದದ್ದರಲ್ಲಿ ಹಾಂಗ್‌ಕಾಂಗ್‌ನವರ ಪಾತ್ರ ದೊಡ್ಡದು. 1977ರ ನಂತರ ಶ್ರೀಲಂಕಾಕ್ಕೂ ಹೀಗೇ ಬಂದರು. ಭಾರತದ ಕೆಲವು ರಫ್ತುದಾರರು 1980ರ ದಶಕದಲ್ಲಿ ನೇಪಾಳಕ್ಕೆ ಹೋಗಿ ಅಲ್ಲಿನ ಹೆಸರಿನಲ್ಲಿ ಅಮೆರಿಕಕ್ಕೆ ಕಳುಹಿಸಿದರು. ಹತ್ತಿ ಬೆಳೆಯದ, ನೂಲು ತೆಗೆಯದ ಪುಟ್ಟ ಮಾಲ್ಡೀವ್ಸ್‌ನಲ್ಲಿ ಕೂಡ, ಶ್ರೀಲಂಕಾದಿಂದ ಹೆಂಗಸರನ್ನು ಕರೆತಂದು ಅಮೆರಿಕಕ್ಕೆ ಉಡುಪು ಹೊಲಿಸಲಾಗುತ್ತಿತ್ತು. ಅಲ್ಲಿ ಇದ್ದದ್ದು ಖಾಲಿ ಕೋಟಾ ಒಂದೇ.

ನಮ್ಮ ದೇಶದಲ್ಲಿ ಕೋಟಾ ಹಂಚುವ ಕೆಲಸ 1978ರಲ್ಲಿ ಸ್ಥಾಪನೆಯಾದ ಉಡುಪು ರಫ್ತು ಉತ್ತೇಜನ ಮಂಡಳಿಯ ಕೈಯಲ್ಲಿತ್ತು. ಹಿಂದಿನ ವರ್ಷಗಳಲ್ಲಿ ಹೆಚ್ಚು ಕಳುಹಿಸಿದವನಿಗೆ ಹೆಚ್ಚು ಪಾಲು ಎಂಬುದು ಮುಖ್ಯ ನಿಯಮ. ಕೋಟಾವನ್ನು ಕೈಬದಲಾಯಿಸುವ ಅವಕಾಶವೂ ಇತ್ತು. ಹೀಗಾಗಿ ಒಂದು ಹೊಲಿಗೆಯನ್ನೂ ಹಾಕದೆ ಕೋಟಾ ಮಾರಿಯೇ ಸುಖವಾಗಿ ಬದುಕಿದವರಿದ್ದರು.

1980ರ ಸುಮಾರಿಗೆ ಜಾಗತಿಕ ಉಡುಪು ರಫ್ತಿನ ಚಿತ್ರ ಹೀಗಿತ್ತು: ಪಶ್ಚಿಮ ಯುರೋಪಿನ ದೇಶಗಳದು ಸುಮಾರು ಶೇ. 40, ಹಾಂಗ್‌ಕಾಂಗ್‌ನದು ಶೇ. 12ರ ಆಸುಪಾಸು, ದಕ್ಷಿಣ ಕೊರಿಯಾದ್ದು ಶೇ. 7, ತೈವಾನಿನದು ಶೇ. 6, ಚೀನಾದ್ದು ಶೇ. 4. ಭಾರತದ ಪಾಲು ಶೇ. 2ನ್ನೂ ಮುಟ್ಟಿರಲಿಲ್ಲ. ಬಾಂಗ್ಲಾದೇಶದ ಹೆಸರು ಪಟ್ಟಿಯಲ್ಲಿ ಕಾಣುವಂತೆಯೇ ಇರಲಿಲ್ಲ.

ನೂರಮೂವತ್ತು ಮಂದಿ

ಇನ್ನು ಬಾಂಗ್ಲಾದೇಶದ ಕಥೆಗೆ ಬರೋಣ. ನಮ್ಮಂಥ ವಿದ್ಯಾಸಂಸ್ಥೆಯ ಓದುಗರಿಗೆ ಈ ಇತಿಹಾಸದಲ್ಲೆಲ್ಲ ಹೆಚ್ಚು ಉಪಯುಕ್ತವಾದ ಭಾಗ ಇದೇ ಎಂದು ನನ್ನ ಅನಿಸಿಕೆ.

1971ರ ಯುದ್ಧ, 1974ರ ಬರಗಾಲ, ಮೇಲಿಂದ ಮೇಲೆ ಪ್ರವಾಹ. ಸೆಣಬು ಬಿಟ್ಟರೆ ಮಾರಲು ಹೆಚ್ಚೇನೂ ಇಲ್ಲದ ದೇಶ ಅದು. ಅಲ್ಲಿ ನೂರುಲ್ ಖಾದಿರ್ ಎಂಬ ವಿಮೋಚನಾ ಹೋರಾಟಗಾರ ಹಾಗೂ ಮಾಜಿ ಸರ್ಕಾರಿ ಅಧಿಕಾರಿ ‘ದೇಶ್ ಗಾರ್ಮೆಂಟ್ಸ್’ ಎಂಬ ಸಂಸ್ಥೆ ಆರಂಭಿಸಿದರು. ಅದೇ ಹೊತ್ತಿಗೆ ದಕ್ಷಿಣ ಕೊರಿಯಾದ ಡೇವೂ ಕಂಪೆನಿ ಕೋಟಾದ ಕಟ್ಟಿನಿಂದ ಪಾರಾಗಲು ಕೋಟಾ ಇಲ್ಲದ ದೇಶವನ್ನು ಹುಡುಕುತ್ತಿತ್ತು. 1978ರಲ್ಲಿ ಇಬ್ಬರಿಗೂ ಒಪ್ಪಂದವಾಯಿತು. ಡೇವೂ ಯಂತ್ರ ಒದಗಿಸುವುದು, ಕೆಲಸ ಕಲಿಸುವುದು, ಮಾಲನ್ನು ಮಾರಿಕೊಡುವುದು. ಅದಕ್ಕೆ ಪ್ರತಿಯಾಗಿ ಮಾರಾಟದ ಮೇಲೆ ರಾಯಧನ ಮತ್ತು ಕಮಿಷನ್ ಪಡೆಯುವುದು.

1979ರಲ್ಲಿ ದೇಶ್ ಸಂಸ್ಥೆಯ 130 ಮಂದಿ ಕೊರಿಯಾದ ಪುಸಾನ್ ನಗರದ ಡೇವೂ ಕಾರ್ಖಾನೆಗೆ ತರಬೇತಿಗೆ ಹೋದರು. ತಿಂಗಳುಗಟ್ಟಲೆ ಅಲ್ಲಿದ್ದು ಅವರು ಕಲಿತದ್ದು ಹೊಲಿಗೆಯನ್ನು ಮಾತ್ರವಲ್ಲ. ಒಂದು ಅಂಗಿಯನ್ನು ಹತ್ತಾರು ಸಣ್ಣ ಕೆಲಸಗಳಾಗಿ ಒಡೆಯುವುದು ಹೇಗೆ, ಕಾಲರ್ ಹಾಕುವವನ ಕೈಗೂ ಕಫ್ ಹಾಕುವವನ ಕೈಗೂ ಹೊಂದಿಕೆಯಾಗುವಂತೆ ಸಾಲು ಜೋಡಿಸುವುದು ಹೇಗೆ, ಬಟ್ಟೆ ಪೋಲಾಗದಂತೆ ಮಾರ್ಕ್ ಮಾಡಿ ಕತ್ತರಿಸುವುದು ಹೇಗೆ, ಲೆಕ್ಕ ಇಡುವುದು, ಗುಣಮಟ್ಟ ನೋಡುವುದು, ವಿದೇಶಿ ಗ್ರಾಹಕನೊಂದಿಗೆ ಪತ್ರವ್ಯವಹಾರ ಮಾಡುವುದು ಹೇಗೆ, ಇವೆಲ್ಲ ಆ ಕಲಿಕೆಯಲ್ಲಿ ಸೇರಿದ್ದವು. 1980ರಲ್ಲಿ ಉತ್ಪಾದನೆ ಆರಂಭವಾಯಿತು. ಮೊದಲ ವರ್ಷ ಸುಮಾರು 43,000 ಅಂಗಿಗಳು ಹೋದವು, ಬೆಲೆ ಸುಮಾರು 55,000 ಡಾಲರ್. ಎಂಟನೇ ವರ್ಷ, 1987ರಲ್ಲಿ, 23 ಲಕ್ಷ ಅಂಗಿಗಳು ಹೋದವು. ಡೇವೂ ಜೊತೆಗಿನ ಒಪ್ಪಂದವನ್ನು ದೇಶ್ 1981ರಲ್ಲೇ ಕೊನೆಗೊಳಿಸಿತ್ತು.

ಆದರೆ ದೇಶ್ ಸಂಸ್ಥೆಯ ಬೆಳವಣಿಗೆಗಿಂತ ದೊಡ್ಡ ಸಂಗತಿ ಬೇರೆ ಇದೆ. 1987ರ ಹೊತ್ತಿಗೆ ಆ 130 ಮಂದಿಯಲ್ಲಿ 115 ಮಂದಿ ದೇಶ್ ಬಿಟ್ಟು ಹೋಗಿದ್ದರು. ಕೆಲವರು ಸ್ವಂತ ಕಾರ್ಖಾನೆ ತೆರೆದರು, ಉಳಿದವರು ಬೇರೆಯವರ ಕಾರ್ಖಾನೆಗಳಲ್ಲಿ ಮೇಲ್ವಿಚಾರಕರೂ ವ್ಯವಸ್ಥಾಪಕರೂ ಆದರು. ಖಾದಿರ್ ಅವರಿಗೆ ಇದರಿಂದ ನಷ್ಟವಾಗಿರಬೇಕು. ದೇಶಕ್ಕೆ ಮಾತ್ರ ಒಂದು ಉದ್ಯಮವೇ ದೊರೆಯಿತು. 1983-84ರಲ್ಲಿ ಸುಮಾರು 3 ಕೋಟಿ ಡಾಲರ್ ಇದ್ದ ಬಾಂಗ್ಲಾದೇಶದ ಉಡುಪು ರಫ್ತು 2004-05ರ ಹೊತ್ತಿಗೆ 600 ಕೋಟಿ ಡಾಲರನ್ನು ದಾಟಿತ್ತು.

ಸರ್ಕಾರವೂ ಎರಡು ಒಳ್ಳೆಯ ಅನುಕೂಲ ಮಾಡಿಕೊಟ್ಟಿತು. ರಫ್ತಿಗೆಂದು ತರಿಸಿದ ಬಟ್ಟೆಗೆ ಸುಂಕವಿಲ್ಲದೆ ಗೋದಾಮಿನಲ್ಲಿ ಇಟ್ಟುಕೊಳ್ಳುವ ಅವಕಾಶ ಒಂದು. ಇನ್ನೊಂದು, ಬ್ಯಾಂಕ್ ಸಾಲದ ಒಂದು ಉಪಾಯ. ವಿದೇಶಿ ಗ್ರಾಹಕ ಅಂಗಿಗಾಗಿ ಬ್ಯಾಂಕಿನ ಮೂಲಕ ಸಾಖಪತ್ರ ಕಳುಹಿಸುತ್ತಾನೆ. ಅದನ್ನೇ ಆಧಾರವಾಗಿಟ್ಟು ಸ್ಥಳೀಯ ಬ್ಯಾಂಕು ಬಟ್ಟೆ ತರಿಸಲು ಮತ್ತೊಂದು ಸಾಖಪತ್ರ ತೆರೆಯುತ್ತದೆ. ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದವನೂ ಇದರಿಂದ ಕಾರ್ಖಾನೆ ನಡೆಸಬಹುದಾಯಿತು.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆಗೆ ನೋಡೋಣ. ನಮ್ಮ ಜಮಾಅತ್‌ಗಳೂ ಸಂಘಸಂಸ್ಥೆಗಳೂ ಪ್ರತಿವರ್ಷ ಬಡ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಹೊಲಿಗೆ ಯಂತ್ರಗಳನ್ನು ಹಂಚುತ್ತವೆ. ಫೋಟೊ ತೆಗೆಯಲಾಗುತ್ತದೆ, ವರದಿ ಪ್ರಕಟವಾಗುತ್ತದೆ. ಇದು ಖಂಡಿತ ಪುಣ್ಯದ ಕೆಲಸ. ಆದರೆ ಪುಸಾನ್‌ಗೆ ಹೋದವರಿಗೆ ಸಿಕ್ಕಿದ್ದು ಯಂತ್ರವಲ್ಲ, ಹುನರ್. ಅಂಗಿಯ ವೆಚ್ಚ ಲೆಕ್ಕ ಹಾಕಲು, ಅಳತೆಯ ನಕ್ಷೆ ಮಾಡಲು, ಗ್ರಾಹಕನ ಪತ್ರ ಓದಲು ಬಾರದ ಹೆಣ್ಣುಮಗಳಿಗೆ ಯಂತ್ರ ಕೊಟ್ಟರೆ ಅವಳು ನೆರೆಮನೆಯ ಸೀರೆಗೆ ಫಾಲ್-ಪಿಕೋ ದರದಲ್ಲೇ ನಿಂತುಬಿಡುತ್ತಾಳೆ. ಮುಂದಿನ ಬಾರಿ ಹತ್ತು ಯಂತ್ರಗಳ ಬದಲು ಐದು ಕೊಟ್ಟು ಉಳಿದ ಹಣದಲ್ಲಿ ಆರು ತಿಂಗಳ ತರಬೇತಿ ಏರ್ಪಡಿಸಲು ಸಾಧ್ಯವೇ ಎಂದು ಆಡಳಿತ ಸಮಿತಿಯವರು ಯೋಚಿಸಬಹುದು.

ಢಾಕಾದ ಕಾರ್ಖಾನೆಗಳಲ್ಲಿ ಆರಂಭದ ದಶಕಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಹಳ್ಳಿಗಳಿಂದ ಬಂದ ಯುವತಿಯರು. ಹೆಣ್ಣುಮಕ್ಕಳು ಬೀದಿಗಿಳಿದು ಕೆಲಸಕ್ಕೆ ಹೋಗುವುದನ್ನು ಅಲ್ಲಿನ ಮುಸ್ಲಿಂ ಸಮಾಜದಲ್ಲಿ ಅನೇಕರು ಆಕ್ಷೇಪಿಸಿದರು. ಆದರೂ ಬೆಳಗಾದರೆ ಊಟದ ಡಬ್ಬಿ ಹಿಡಿದು ಸಾಲಾಗಿ ನಡೆಯುವ ಹುಡುಗಿಯರು ಆ ನಗರದ ದೈನಂದಿನ ನೋಟವಾದರು. ಉಡುಪು ಕಾರ್ಖಾನೆಗಳ ಸಮೀಪದ ಹಳ್ಳಿಗಳಲ್ಲಿ ಹುಡುಗಿಯರು ಶಾಲೆಯಲ್ಲಿ ಹೆಚ್ಚು ಕಾಲ ಉಳಿದರು, ಅವರ ಮದುವೆಯೂ ತಡವಾಗತೊಡಗಿತು ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಅಕ್ಷರ, ಲೆಕ್ಕ ಬಲ್ಲವಳಿಗೆ ಕಾರ್ಖಾನೆಯಲ್ಲಿ ಹೆಚ್ಚು ಬೆಲೆ ಎಂಬುದು ತಂದೆತಾಯಿಗಳಿಗೆ ಕಣ್ಣೆದುರೇ ಕಂಡಿತ್ತು.

ಬೇಲಿ ಬಿದ್ದ ಮೇಲೆ

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಹತ್ತು ವರ್ಷಗಳಲ್ಲಿ ಕೋಟಾ ತೆಗೆಯುವುದಾಗಿ ಒಪ್ಪಲಾಯಿತು. ಮೊದಲು ಶೇ. 16, 1998ರಲ್ಲಿ ಶೇ. 17, 2002ರಲ್ಲಿ ಶೇ. 18, ಉಳಿದ ಶೇ. 49 ಕೊನೆಯ ದಿನ! ಯಾವುದನ್ನು ಮೊದಲು ಬಿಡುಗಡೆ ಮಾಡಬೇಕೆಂಬ ಆಯ್ಕೆ ಕೊಳ್ಳುವ ದೇಶಗಳದ್ದೇ. ಅವು ಕೋಟಾ ಇಲ್ಲದೇ ಇದ್ದ ಸರಕುಗಳನ್ನೇ ಮೊದಲು ಬಿಡುಗಡೆ ಮಾಡಿ ತೋರಿಸಿ, ಅಂಗಿ, ಪ್ಯಾಂಟುಗಳನ್ನು 2005ರ ಜನವರಿ 1ರವರೆಗೂ ಹಿಡಿದಿಟ್ಟುಕೊಂಡವು.

2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ್ದ ಚೀನಾ ಆ ದಿನಕ್ಕಾಗಿ ಕಾದಿತ್ತು. 2005ರ ಬೇಸಿಗೆಯ ಹೊತ್ತಿಗೆ ಯುರೋಪಿನ ಬಂದರುಗಳಲ್ಲಿ ಏಳೆಂಟು ಕೋಟಿ ಚೀನೀ ಉಡುಪುಗಳು ತಡೆಹಿಡಿಯಲ್ಪಟ್ಟು ಕೊಳೆಯುತ್ತಿದ್ದವು, ಏಕೆಂದರೆ ಯುರೋಪ್ ಗಾಬರಿಯಾಗಿ ಮತ್ತೆ ಮಿತಿ ಹೇರಿತ್ತು. ಆ ಮಿತಿ ಯುರೋಪಿನಲ್ಲಿ 2007ರ ಕೊನೆಯವರೆಗೆ, ಅಮೆರಿಕದಲ್ಲಿ 2008ರ ಕೊನೆಯವರೆಗೆ ಇತ್ತು. 2000ದಲ್ಲಿ ಶೇ. 18ರಷ್ಟಿದ್ದ ಚೀನಾದ ಪಾಲು 2010ರಲ್ಲಿ ಶೇ. 36ನ್ನು ದಾಟಿತು.

ಕೋಟಾ ಒಂದನ್ನೇ ನಂಬಿದ್ದವರ ಗತಿ ಏನಾಯಿತು? ಮಾಲ್ಡೀವ್ಸ್‌ನ ಕಾರ್ಖಾನೆಗಳು 2005ರಲ್ಲಿ ಮುಚ್ಚಿದವು. ನೇಪಾಳದ ಉಡುಪು ಉದ್ಯಮ ಕುಸಿಯಿತು. ಅಮೆರಿಕದೊಂದಿಗಿನ 1994ರ ಒಪ್ಪಂದದಿಂದ ಮೇಲೇರಿ 2000ದಲ್ಲಿ ಶೇ. 4ಕ್ಕಿಂತ ಹೆಚ್ಚು ಪಾಲು ಪಡೆದಿದ್ದ ಮೆಕ್ಸಿಕೋ ಹತ್ತೇ ವರ್ಷಗಳಲ್ಲಿ ಶೇ. 1ರ ಆಸುಪಾಸಿಗೆ ಇಳಿಯಿತು. ಬಾಂಗ್ಲಾದೇಶವೂ ಮುಳುಗುತ್ತದೆ, ಲಕ್ಷಾಂತರ ಹೆಣ್ಣುಮಕ್ಕಳು ಬೀದಿಪಾಲಾಗುತ್ತಾರೆ ಎಂದು ಬಹಳಷ್ಟು ತಜ್ಞರು ಭವಿಷ್ಯ ನುಡಿದಿದ್ದರು. ಹಾಗಾಗಲಿಲ್ಲ. 2000ದಲ್ಲಿ ಶೇ. 2.6ರಷ್ಟಿದ್ದ ಅದರ ಪಾಲು 2010ರಲ್ಲಿ ಶೇ. 4ನ್ನು ದಾಟಿ, 2022ರಲ್ಲಿ ಶೇ. 8ರ ಸಮೀಪಕ್ಕೆ ಬಂತು. ಯುರೋಪ್ 2001ರಿಂದ ಅತಿ ಬಡ ದೇಶಗಳಿಗೆ ಕೊಟ್ಟ ಸುಂಕರಹಿತ ಪ್ರವೇಶ ಇದಕ್ಕೆ ನೆರವಾಯಿತು, ನಿಜ. ಆದರೆ ಆ ಸೌಲಭ್ಯ ಇನ್ನೂ ಹಲವಾರು ದೇಶಗಳಿಗಿತ್ತು. ಅದನ್ನು ಬಳಸಿಕೊಳ್ಳಬಲ್ಲ ಕೈಗಳು ಎಲ್ಲ ಕಡೆಯೂ ಸಿದ್ಧವಾಗಿರಲಿಲ್ಲ.

ವಿಯೆಟ್ನಾಂ 2000ದಲ್ಲಿ ಶೇ. 1ಕ್ಕೂ ಕಡಿಮೆ ಇದ್ದು 2022ರಲ್ಲಿ ಶೇ. 6ಕ್ಕೆ ಏರಿತು. ಟರ್ಕಿ 1996ರ ಸುಂಕ ಒಕ್ಕೂಟದ ಬಲದಿಂದ, ಲಾರಿಯಲ್ಲೇ ಕೆಲವು ದಿನಗಳಲ್ಲಿ ಯುರೋಪಿಗೆ ಮಾಲು ಮುಟ್ಟಿಸುತ್ತ, ಶೇ. 3.5ರ ಸುತ್ತ ಗಟ್ಟಿಯಾಗಿ ನಿಂತಿತು. ಇನ್ನೊಂದು ಅಚ್ಚರಿ ಯುರೋಪಿನದೇ. ಒಳಗಿನ ದೇಶಗಳ ಪರಸ್ಪರ ವ್ಯಾಪಾರವನ್ನೂ ಸೇರಿಸಿದರೆ 2022ರಲ್ಲೂ ಯುರೋಪ್ ಒಕ್ಕೂಟದ ಪಾಲು ಕಾಲುಭಾಗಕ್ಕಿಂತ ಹೆಚ್ಚಿತ್ತು. ಚೀನಾ ಮಾತ್ರ ತನ್ನ ಶಿಖರದಿಂದ ಇಳಿದು 2023ರಲ್ಲಿ ಶೇ. 32ರ ಒಳಗೆ ಬಂದಿದೆ. ಅಲ್ಲಿ ಕೂಲಿ ಏರಿದೆ, ಯುವಕರು ಬೇರೆ ಕೆಲಸ ಹಿಡಿದಿದ್ದಾರೆ. ಆದರೂ ಢಾಕಾ ಮತ್ತು ಹನೋಯಿಯ ಅಂಗಿಗಳಿಗೆ ಬೇಕಾದ ಬಟ್ಟೆಯಲ್ಲಿ ದೊಡ್ಡ ಪಾಲು ಚೀನಾದಿಂದಲೇ ಹೋಗುತ್ತದೆ.

ಈ ಶೇಕಡಾವಾರು ಲೆಕ್ಕಗಳ ಹಿಂದೆ ಮನುಷ್ಯರಿದ್ದಾರೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮಡಿದರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತ್ತು. ಮೇಲಿನ ಮಹಡಿಗಳ ಹೊಲಿಗೆಯವರನ್ನು ಮಾತ್ರ ಮರುದಿನ ಒಳಗೆ ಕರೆಸಿಕೊಳ್ಳಲಾಯಿತು, ಏಕೆಂದರೆ ಮಾಲು ಕಳುಹಿಸುವ ಗಡುವು ಹತ್ತಿರವಿತ್ತು. ಆ ನಂತರ ವಿದೇಶಿ ಬ್ರ್ಯಾಂಡುಗಳೂ ಕಾರ್ಮಿಕ ಸಂಘಟನೆಗಳೂ ಸೇರಿ ಕಾನೂನುಬದ್ಧ ಸುರಕ್ಷತಾ ಒಪ್ಪಂದ ಮಾಡಿಕೊಂಡವು, ಸಾವಿರಾರು ಕಾರ್ಖಾನೆಗಳ ತಪಾಸಣೆ ನಡೆಯಿತು. ಇಷ್ಟು ಜೀವಗಳ ಬೆಲೆ ತೆತ್ತ ಮೇಲೆ ಬಂದ ಸುಧಾರಣೆ ಅದು.

ನಮ್ಮ ಬೆಂಗಳೂರು

ಭಾರತದ ಪಾಲು 2000ದಲ್ಲಿ ಶೇ. 3 ಇತ್ತು, 2022ರಲ್ಲೂ ಶೇ. 3ರ ಆಸುಪಾಸಿನಲ್ಲೇ ಇತ್ತು. ಹತ್ತಿ ಬೆಳೆಯುವ, ನೂಲು ತೆಗೆಯುವ, ನೇಯುವ, ಕೋಟಿಗಟ್ಟಲೆ ಕೈಗಳಿರುವ ದೇಶಕ್ಕೆ ಇದು ಶೋಭೆಯಲ್ಲ. ಕಾರಣಗಳು ಹಲವು. ಉಡುಪು ತಯಾರಿಕೆಯನ್ನು ದೀರ್ಘಕಾಲ ಸಣ್ಣ ಕೈಗಾರಿಕೆಗಳಿಗೆ ಮೀಸಲಿಡಲಾಗಿತ್ತು. 2000ದ ಜವಳಿ ನೀತಿಯ ನಂತರವಷ್ಟೇ ಈ ಮೀಸಲು ತೆರವಾಗತೊಡಗಿತು. ಅಷ್ಟರಲ್ಲಿ ಚೀನಾ ಸಾವಿರಾರು ಯಂತ್ರಗಳ ಕಾರ್ಖಾನೆಗಳನ್ನು ಕಟ್ಟಿ ಮುಗಿಸಿತ್ತು. ಜಗತ್ತು ಪಾಲಿಯೆಸ್ಟರ್‌ನತ್ತ ಹೊರಳಿದರೂ ನಾವು ಹತ್ತಿಯನ್ನೇ ಹೆಚ್ಚು ನೆಚ್ಚಿಕೊಂಡೆವು.

ಆ ಶೇ. 3ರಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳಲ್ಲಿ ಸಂಜೆ ಪಾಳಿ ಬಿಟ್ಟಾಗ ರಸ್ತೆ ತುಂಬ ಹೆಂಗಸರೇ ಕಾಣುತ್ತಾರೆ. ‘ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ’ ಎಂಬುದು ನಮ್ಮ ಮೊಹಲ್ಲಾಗಳಲ್ಲೂ ಸಾಮಾನ್ಯ ಮಾತು. ಕಾರ್ಖಾನೆಗಳು ಈಚೆಗೆ ರಾಮನಗರ, ಮಂಡ್ಯ, ದೊಡ್ಡಬಳ್ಳಾಪುರದ ಕಡೆಗೂ ಹರಡಿವೆ. ಭವಿಷ್ಯನಿಧಿಯ ಹಣ ಹಿಂಪಡೆಯಲು ಕೇಂದ್ರ ಸರ್ಕಾರ ಮಿತಿ ಹಾಕಿದಾಗ, 2016ರ ಏಪ್ರಿಲ್ 18 ಮತ್ತು 19ರಂದು ಈ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ನಿಲ್ಲಿಸಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ದೆಹಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಕೋಟಾ ಹೋದರೂ ಸುಂಕ ಉಳಿದಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ. 50ರ ಸುಂಕ ಹೇರಿತು, ಬಾಂಗ್ಲಾದೇಶ ಮತ್ತು ವಿಯೆಟ್ನಾಂಗಳಿಗೆ ಶೇ. 20. ಪೀಣ್ಯದಲ್ಲಿ ಕಾಲರ್ ಹೊಲಿಯುವವಳ ಕೆಲಸ ವಾಷಿಂಗ್ಟನ್‌ನ ಒಂದು ಸಹಿಯ ಮೇಲೆ ನಿಂತಿರುವುದು 1957ರಲ್ಲಿ ಹೇಗಿತ್ತೋ ಆಗಲೂ ಹಾಗೆಯೇ ಇತ್ತು. ಢಾಕಾಕ್ಕೂ ಒಂದು ದಿನಾಂಕ ಬರೆದಿಡಲಾಗಿದೆ. ಅತಿ ಬಡ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ 2021ರಲ್ಲಿ ಗೊತ್ತು ಮಾಡಿದ ದಿನ 2026ರ ನವೆಂಬರ್ 24. ಹಾಗೆ ಹೊರಬಂದ ದೇಶಕ್ಕೆ ಯುರೋಪ್ ಮೂರು ವರ್ಷಗಳ ಕಾಲಾವಕಾಶ ಕೊಡುತ್ತದೆ. ಅದು ಮುಗಿದ ಮೇಲೆ, ಬೇರೆ ರಿಯಾಯಿತಿ ಸಿಗದಿದ್ದರೆ, ಢಾಕಾದ ಅಂಗಿಗೆ ಯುರೋಪಿನ ಬಂದರಿನಲ್ಲಿ ಶೇ. 12ರ ಸುಮಾರಿನ ಸುಂಕ ಬೀಳುತ್ತದೆ.